ಅಕ್ಕ ತೊಳೆಯದ ಕಾರು

ಹರವೆಯ ಶಿವಮಲ್ಲುವಿನ ಮನೆಗೆ ಕಾರು ಬಂದದ್ದು ಅವನಿಗೆ ನಲವತ್ತು ದಾಟಿದ ಮೇಲೆ. ಅಷ್ಟು ತಡವಾಗಿ ಬಂದದ್ದಕ್ಕೋ ಏನೋ, ಅದರ ಮೇಲಿನ ಮೋಹವೂ ಒಂದು ಕೈ ಹೆಚ್ಚೇ ಇತ್ತು. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಇಷ್ಟು ವರ್ಷವೂ ಬೈಕಿನಲ್ಲೇ ಓಡಾಡಿ, ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಲಾರಿಗಳ ಹೊಗೆ ಕುಡಿದು ಸಾಕಾಗಿ ಹೋಗಿದ್ದ. ಕೊನೆಗೆ ಮೈಸೂರಿನ ಶೋರೂಮಿನಲ್ಲಿ ಕಡುನೀಲಿ ಕಾರೊಂದನ್ನು ಕಂಡು ಅಲ್ಲೇ ಬಿದ್ದುಹೋದ. ಕಪ್ಪೋ ನೀಲಿಯೋ ಹೇಳಲಾಗದ ಬಣ್ಣ. ಬಾಗಿಲ ಮುಂದೆ ಬಗ್ಗಿದರೆ ಮೀಸೆ ತಿದ್ದಿಕೊಳ್ಳಬಹುದಿತ್ತು. ಬಿಳೀದು ತಗೊಳ್ಳಿ, ಗೀರು ಬಿದ್ದರೂ ಕಾಣಲ್ಲ ಎಂದು ಹೆಂಡತಿ ನಯನಾ ಬಡಕೊಂಡಳು. ಕೇಳುವ ಸ್ಥಿತಿಯಲ್ಲಿ ಈ ಮನುಷ್ಯ ಇದ್ದರೆ ತಾನೆ!

ಕಾರು ಗೊತ್ತು ಮಾಡಿದ ದಿನವೇ ಅವನು ಮೊದಲು ಫೋನು ಮಾಡಿದ್ದು ಹಂಗಳದ ಅಕ್ಕನಿಗೆ. ಅಕ್ಕನೆಂದರೆ ಸುಂದ್ರಮ್ಮ. ಇವನಿನ್ನೂ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅವ್ವ ತೀರಿಹೋಗಿದ್ದಳು. ಆಮೇಲೆ ಇವನ ಪಾಲಿಗೆ ಅವ್ವ ಅಂದರೂ ಅಕ್ಕ ಅಂದರೂ ಅವಳೇ. ಅಪ್ಪನೂ ಹೋದ ಮೇಲೆ ಸುಂದ್ರಮ್ಮನಿಗೆ ತವರು ಅಂತ ಉಳಿದದ್ದು ಈ ತಮ್ಮನ ಮನೆಯೊಂದೇ. ಕಾರಿನ ಸುದ್ದಿ ಕೇಳಿ ಅವಳು ಎಷ್ಟು ಕೊಟ್ಟೆ, ಯಾವ ಬಣ್ಣ ಎಂದೆಲ್ಲ ಕೇಳಲಿಲ್ಲ. ಯಾವತ್ತು ಮನೆಗೆ ತರ್ತೀಯ, ಅವತ್ತು ಬೆಳಿಗ್ಗೆಯೇ ನಾನು ಬಂದಿರ್ತೀನಿ, ನಾನು ಬರೋ ತನಕ ಗೇಟು ದಾಟಿಸಬೇಡ ಎಂದಳು.

ಯಾಕೆಂದರೆ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಕೊಂಡ ಎತ್ತಾಗಲಿ ಹಸುವಾಗಲಿ ಸೀದಾ ಕೊಟ್ಟಿಗೆಗೆ ನುಗ್ಗುವಂತಿರಲಿಲ್ಲ. ಮನೆಯ ಹೆಣ್ಣುಮಗಳು ಅದನ್ನು ಹೊರಗೇ ನಿಲ್ಲಿಸಿ, ಮೈ ತಿಕ್ಕಿ ತೊಳೆದು, ಕಾಲಿಗೆ ನೀರು ಹುಯ್ದು, ಅರಿಶಿನ ಕುಂಕುಮ ಇಟ್ಟು, ಬಾಯಿಗೆ ಒಂದು ಚೂರು ಬೆಲ್ಲ ಕೊಟ್ಟ ಮೇಲೆಯೇ ಅದು ಆ ಮನೆಯದ್ದಾಗುತ್ತಿತ್ತು. ಸುಂದ್ರಮ್ಮ ಮದುವೆಯಾಗಿ ಹಂಗಳಕ್ಕೆ ಹೋದ ಮೇಲೂ ಈ ಹಕ್ಕು ಅವಳ ಕೈಬಿಟ್ಟು ಹೋಗಲಿಲ್ಲ. ಒಮ್ಮೆ ಅಪ್ಪ ತೆರಕಣಾಂಬಿ ಸಂತೆಯಿಂದ ಜೋಡಿ ಎತ್ತು ಹೊಡೆದುಕೊಂಡು ಬಂದ ದಿನ ಅವಳಿಗೆ ಗುಂಡ್ಲುಪೇಟೆಯಲ್ಲಿ ಬಸ್ಸು ತಪ್ಪಿತು. ಅಪ್ಪ ಎತ್ತುಗಳನ್ನು ಬೇಲಿಯಾಚೆಯ ಹೊಂಗೆ ಮರಕ್ಕೆ ಕಟ್ಟಿ, ತಾನೂ ಅವುಗಳ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಮಲಗಿಬಿಟ್ಟ. ಮಾರನೆಯ ದಿನ ಮಗಳು ಬಂದು ನೀರು ಹುಯ್ದ ಮೇಲೆಯೇ ಎತ್ತುಗಳೂ ಒಳಗೆ ಬಂದವು, ಅಪ್ಪನೂ ಒಳಗೆ ಬಂದ. ಈ ಕತೆಯನ್ನು ಸುಂದ್ರಮ್ಮ ಹೇಳದ ಮನೆ ಹಂಗಳದಲ್ಲಿಲ್ಲ. ಹೇಳುವಾಗಲೆಲ್ಲ ಅವಳ ಮುಖ ಇಷ್ಟಗಲ ಆಗುತ್ತಿತ್ತು.

ಎತ್ತಿನ ಕಾಲ ಮುಗಿದು ಬೈಕಿನ ಕಾಲ ಬಂತು. ಶಿವಮಲ್ಲು ಬೈಕು ಕೊಂಡಾಗಲೂ ಅಕ್ಕ ಬಂದಳು, ಗೇಟಿನಾಚೆ ನಿಲ್ಲಿಸಿಕೊಂಡು ತೊಳೆದಳು. ತೊಳೆದದ್ದು ಹೇಗೆ? ಎತ್ತಿನ ಮೈ ತಿಕ್ಕುವ ಹಾಗೆಯೇ, ತೆಂಗಿನ ನಾರಿನಲ್ಲಿ. ಪೆಟ್ರೋಲ್ ಟ್ಯಾಂಕು ಇನ್ನೂ ಹೊಳೆಯಲಿ ಎಂಬ ಪ್ರೀತಿಗೆ ಒಲೆಯ ಬೂದಿಯನ್ನೂ ಒಂದು ಹಿಡಿ ಸೇರಿಸಿಕೊಂಡಳು. ಒಣಗಿದ ಮೇಲೆ ನೋಡಿದರೆ ಕೆಂಪು ಟ್ಯಾಂಕಿನ ಹೊಳಪೆಲ್ಲ ಹೋಗಿ, ಸುತ್ತಸುತ್ತ ಗೀರುಗಳು ಎದ್ದಿದ್ದವು. ಶಿವಮಲ್ಲು ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಅಲ್ಲಿಂದ ಮುಂದೆ ದಿನಾ ಕಚೇರಿಗೆ ಹೋಗುವಾಗ ಆ ಟ್ಯಾಂಕು ಅವನ ಕಣ್ಣ ಮುಂದೆಯೇ ಇರುತ್ತಿತ್ತು. ಪಾಪ, ಅದನ್ನು ನೋಡದೆ ಬೈಕು ಓಡಿಸುವುದಾದರೂ ಹೇಗೆ?

ಹಾಗಾಗಿ ಕಾರು ತರುವ ದಿನ ಹತ್ತಿರವಾದಂತೆ ಅವನ ಮನಸ್ಸು ಎರಡು ಕಡೆ ಎಳೆಯತೊಡಗಿತು. ಅಕ್ಕ ಬರಬೇಕು. ಅಕ್ಕ ಬಾರದೆ ಕಾರು ಮನೆಗೆ ಬರುವುದುಂಟೆ? ಆದರೆ ನಾರು ಬರಬಾರದು. ಇದನ್ನು ಬಾಯಿಬಿಟ್ಟು ಹೇಳಿದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅಕ್ಕನಿಗೆ 'ನಿನ್ನ ಕೈ ಒರಟು' ಅನ್ನುವುದು ಹೇಗೆ ಎಂದು ಯೋಚಿಸುತ್ತ ಯೋಚಿಸುತ್ತ ಅವನು ಒಂದು ಉಪಾಯ ಹೂಡಿದ. ಕಾರು ಗೇಟಿನ ಹತ್ತಿರ ಬರುವ ಹೊತ್ತಿಗೆ ತೊಳೆಯಲು ಏನೂ ಉಳಿದಿರದಂತೆ ಮಾಡಿಬಿಟ್ಟರೆ? ನಮ್ಮಂಥವರ ಬುದ್ಧಿ ಇಂಥ ಕಡೆಯೇ ಚುರುಕಾಗುವುದು.

ಮೈಸೂರಿನಿಂದ ಕಾರು ತಂದ ದಿನ ಅವನು ನೇರ ಮನೆಗೆ ತಿರುಗದೆ ಚಾಮರಾಜನಗರದ ದಾರಿ ಹಿಡಿದ. ಅಲ್ಲಿ ಹೊಸದಾಗಿ ಆಟೋಮ್ಯಾಟಿಕ್ ಕಾರ್ ವಾಶ್ ಶುರುವಾಗಿತ್ತು. ಕಚೇರಿಯಲ್ಲಿ ಎರಡು ವಾರದಿಂದ ಅದೇ ಮಾತು. ಕೈಯಲ್ಲಿ ತೊಳೆದರೆ ಬಕೆಟ್ಟಿನ ತಳದ ಮರಳೇ ಬಟ್ಟೆಗೆ ಹತ್ತಿ ಬಣ್ಣ ಕೆಡುತ್ತದೆ ಎಂದು ಒಬ್ಬರು, ಮಿಷಿನ್ನಿನ ಬ್ರಷ್ಷೂ ಗೀರು ಹಾಕದೆ ಬಿಡುವುದಿಲ್ಲ, ಮೂಲೆ ಮುಡುಕಿನ ಕೊಳೆಗೆ ಕೈಯೇ ಆಗಬೇಕು ಎಂದು ಇನ್ನೊಬ್ಬರು. ಶಿವಮಲ್ಲುವಿಗೆ ಈ ತರ್ಕ ಯಾವುದೂ ಬೇಕಿರಲಿಲ್ಲ. ಮಿಷಿನ್ನಿಗೆ ತೆಂಗಿನ ನಾರು ಗೊತ್ತಿಲ್ಲವಲ್ಲ, ಅಷ್ಟು ಸಾಕಿತ್ತು.

ಗಾಜು ಏರಿಸಿಕೊಂಡು ಒಳಗೇ ಕೂತಿರಿ ಅಂದರು. ಕಾರು ತನ್ನಷ್ಟಕ್ಕೆ ತಾನೇ ಮೆಲ್ಲಗೆ ಮುಂದೆ ಸರಿಯಿತು. ನಾಲ್ಕೂ ಕಡೆಯಿಂದ ನೀರು ರಾಚಿತು, ಬಣ್ಣಬಣ್ಣದ ನೊರೆ ಗಾಜನ್ನೆಲ್ಲ ಮುಚ್ಚಿತು, ಬಣವೆಗಾತ್ರದ ಬ್ರಷ್ಷುಗಳು ಗಿರಗಿರನೆ ತಿರುಗುತ್ತ ಮೇಲೇ ಬಂದವು. ಶಿವಮಲ್ಲು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಹೆದರಿಕೆ ಹೋಗಿ ನಗು ಬಂತು. ಆಚೆ ಬಂದಾಗ ಕಾರು ಶೋರೂಮಿನಲ್ಲಿದ್ದುದಕ್ಕಿಂತ ಮಿಗಿಲಾಗಿ ಹೊಳೆಯುತ್ತಿತ್ತು. ಮೇಲೊಂದು ಪಾಲಿಶ್ ಹೊಡೆದಿದ್ದೇವೆ, ಇನ್ನು ನೀರೂ ನಿಲ್ಲಲ್ಲ, ಧೂಳೂ ಕೂರಲ್ಲ ಎಂದು ಅಲ್ಲಿನ ಹುಡುಗ ಹೆಮ್ಮೆಯಿಂದ ಹೇಳಿದ. ಶಿವಮಲ್ಲು ಅವನ ಭುಜ ತಟ್ಟಿ, ಹಾಡು ಹಾಕಿಕೊಂಡು ಹರವೆಯ ಕಡೆ ಹೊರಟ.

ಗೇಟಿನ ಮುಂದೆ ಅಕ್ಕ ಸೀರೆ ಎತ್ತಿಕಟ್ಟಿಕೊಂಡು ನಿಂತಿದ್ದಳು. ಎರಡು ಬಕೆಟ್ ನೀರು, ಸೋಪಿನ ಪುಡಿ, ತಮ್ಮ ಹೊಲದ ಅರಿಶಿನವನ್ನು ತಾನೇ ಕುಟ್ಟಿ ಕಲಸಿದ ಬಟ್ಟಲು, ಬಾಳೆಲೆಯಲ್ಲಿ ಬೆಲ್ಲ. ಕಾರಿಗೆ ಬೆಲ್ಲ ಎಲ್ಲಿಗೆ ಕೊಡುತ್ತಾಳೋ ನೋಡೋಣವೆಂದು ಎದುರು ಮನೆಯ ಬಸವಯ್ಯನವರು ಜಗಲಿಯಿಂದ ಇಳಿದು ಬಂದಿದ್ದರು, ಅವರ ಹಿಂದೆ ಬೀದಿಯ ಅರ್ಧ ಜನ. ಶಿವಮಲ್ಲು ಇಳಿದವನೇ, ಸಿದ್ಧ ಮಾಡಿಟ್ಟುಕೊಂಡಿದ್ದ ಮಾತನ್ನು ಒಪ್ಪಿಸಿದ: ಎಲ್ಲ ಮಿಷಿನ್ನಲ್ಲಿ ತೊಳೆಸಿಕೊಂಡೇ ಬಂದಿದ್ದೀನಿ, ನಿನ್ನ ಸೊಂಟ ನೋವಿಗೆ ಬಗ್ಗೋದು ಬೇಡ, ನೀನು ಕುಂಕುಮ ಇಟ್ಟುಬಿಡು ಸಾಕು.

ಸುಂದ್ರಮ್ಮ ನಕ್ಕಳು. "ಮಿಷಿನ್ ತೊಳುದ್ರೆ ನಮ್ಮನೇದು ಆದಾತ್ಲಾ? ನನ್ ಸೊಂಟ ನಿಂಗೇನ್ ದೂರು ಏಳ್ತಾ? ಸರಿ ಅತ್ಲಾಗೆ" ಎಂದು ಬಕೆಟ್ಟಿನೊಳಗೆ ಕೈ ಹಾಕಿದಳು. ಕೈ ಮೇಲೆ ಬಂದಾಗ ಅದರಲ್ಲಿ ಉಂಡೆಯಷ್ಟು ತೆಂಗಿನ ನಾರು ನೊರೆ ಸುರಿಸುತ್ತಿತ್ತು. ಅದು ಕಾರಿನ ಬಾನೆಟ್ಟಿಗೆ ಇನ್ನೇನು ತಾಗಬೇಕು, ಶಿವಮಲ್ಲು ಚಂಗನೆ ಹಾರಿ ಅವಳ ಮಣಿಕಟ್ಟು ಹಿಡಿದುಬಿಟ್ಟ.

ಯೋಚನೆ ಮಾಡಿ ಹಿಡಿದದ್ದಲ್ಲ ಅದು. ಕೈ ತಾನಾಗಿ ಹೋಗಿತ್ತು. ಆದರೆ ಹಿಡಿದದ್ದಂತೂ ನಿಜ, ಅದೂ ಗಟ್ಟಿಯಾಗಿ, ಅದೂ ಬೀದಿಯವರೆಲ್ಲರ ಕಣ್ಣೆದುರು. ಸುಂದ್ರಮ್ಮ ಕಾರನ್ನು ನೋಡಲಿಲ್ಲ, ತಮ್ಮನ ಮುಖವನ್ನೂ ನೋಡಲಿಲ್ಲ. ತನ್ನ ಮಣಿಕಟ್ಟಿನ ಮೇಲಿದ್ದ ಆ ಬೆರಳುಗಳನ್ನೇ ನೋಡಿದಳು. ಅವನು ಬಿಟ್ಟ. ಅವಳು ನಾರನ್ನು ಮೆಲ್ಲಗೆ ಬಕೆಟ್ಟಿನೊಳಗೆ ಇಳಿಸಿ, ಕೈ ಒರೆಸಿಕೊಂಡು, ಅರಿಶಿನದ ಬಟ್ಟಲು ಎತ್ತಿಕೊಂಡಳು. ಬಾನೆಟ್ಟಿನ ಮೇಲೆ ಮೂರು ಬೆರಳು ಅರಿಶಿನ ಎಳೆದಳು. ಪಾಲಿಶ್ ಹೊಡೆದ ಮೈ, ಅರಿಶಿನ ನಿಲ್ಲಲಿಲ್ಲ. ಹಚ್ಚಿದ ಹಾಗೇ ಜಾರಿ ಕೆಳಗಿನ ನಂಬರ್ ಪ್ಲೇಟಿನ ತನಕ ಇಳಿದುಹೋಯಿತು. ಇನ್ನೊಮ್ಮೆ ಹಚ್ಚಿದಳು. ಅದೂ ಜಾರಿತು. ಇಡೀತಿಲ್ಲ ಕಣವ್ವಾ ಎಂದು ಬಸವಯ್ಯನವರು ಏನೂ ಅರಿಯದ ಮಗುವಿನಂತೆ ಹೇಳಿದರು. ಆ ಮುದುಕರ ಬಾಯಿಗೆ ಅವತ್ತೇ ಬಿಡುವು ಇರಬಾರದಿತ್ತೆ?

ಅವಳು ಒಳಗೆ ಹೋಗಿ ತನ್ನ ಚೀಲ ತಗೊಂಡು ಬಂದಳು. ಒಳಗೆ ನಯನಾ ಬೆಳಗಿನಿಂದ ಒಬ್ಬಟ್ಟು ಬೇಯಿಸಿಟ್ಟಿದ್ದಳು. ಉಂಡುಕೊಂಡು ಹೋಗಿ ಅತ್ತಿಗೆ ಎಂದು ಕೈ ಹಿಡಿದು ಬೇಡಿದಳು.

"ಈ ಮನೆ ಅನ್ನುದ್ ಋಣ ಇಷ್ಟೇ ಅಂತ ಕಾಣ್ತದೆ ಕಣಮ್ಮಿ" ಎಂದಳು ಸುಂದ್ರಮ್ಮ. ಶಿವಮಲ್ಲು ಕಾರಿನಲ್ಲಿ ಬಿಟ್ಟು ಬರುತ್ತೇನೆಂದು ಹಿಂದೆ ಹಿಂದೆ ಓಡಿದ. ಅವಳು ತಿರುಗಿಯೂ ನೋಡದೆ ಬಸ್ ಸ್ಟಾಪಿನ ತನಕ ನಡೆದೇ ಹೋದಳು.

ಆಮೇಲೆ ಫೋನು ಮಾಡಿದರೆ ಎತ್ತುವವರಿಲ್ಲ. ಭಾವ ಪುಟ್ಟಮಾದುವಿನ ಫೋನಿಗೆ ಮಾಡಿದರೆ, ಅವಳು ಹೊಲದಲ್ಲಿ ಅವಳೆ, ಆಮೇಲೆ ಮಾಡುಸ್ತೀನಿ ಎಂದು ಅವನು ಸುಳ್ಳು ಹೇಳಲು ಬಾರದ ದನಿಯಲ್ಲಿ ಸುಳ್ಳು ಹೇಳುತ್ತಿದ್ದ. ಹಿಂದೆಯೂ ಅಕ್ಕ ತಮ್ಮ ಜಗಳವಾಡಿದ್ದುಂಟು, ಬಾಯಿಗೆ ಬಂದಂತೆ ಬೈದುಕೊಂಡದ್ದುಂಟು. ಆದರೆ ಉಣ್ಣದೆ ಎದ್ದು ಹೋದದ್ದು ಇದೇ ಮೊದಲು. ತಾನು ಕಳಕೊಂಡದ್ದು ಏನು ಎಂದು ಶಿವಮಲ್ಲುವಿಗೆ ಚೆನ್ನಾಗಿ ಗೊತ್ತಿತ್ತು. ಈ ಭೂಮಿಯ ಮೇಲೆ ಅವನನ್ನು ಹಡೆದವರಂತೆ ಬೈಯಬಲ್ಲವಳು ಅವಳೊಬ್ಬಳೇ. ಅವಳೂ ಬಾಗಿಲು ಹಾಕಿಕೊಂಡರೆ ಅವನಿಗೆ ಹಿರಿಯರು ಅಂತ ಯಾರೂ ಇಲ್ಲ.

ಕಾರು ಗೇಟಿನ ಹೊರಗೇ ನಿಂತಿತು. ಒಳಗೆ ತರಲು ಅವನಿಗೆ ಧೈರ್ಯ ಬರಲಿಲ್ಲ. ಕೊಂಡ ಕಾರಿಗೆ ಬಟ್ಟೆ ಹೊದಿಸಿ, ಮತ್ತೆ ಅದೇ ಬೋಳು ಟ್ಯಾಂಕಿನ ಬೈಕು ಹತ್ತಿ ಕಚೇರಿಗೆ ಹೋಗುತ್ತಿದ್ದವನನ್ನು ನೋಡಿ ಊರು ಒಳಗೊಳಗೇ ನಕ್ಕಿತು. ನಯನಾ ಮಾತ್ರ ನಗಲಿಲ್ಲ. ಒಂದು ಸಂಜೆ ಅವಳು, ಗೀರು ಬಿದ್ದಿದ್ದರೆ ಬಣ್ಣ ಹೊಡೆಸಬಹುದಿತ್ತು, ಅತ್ತಿಗೆಗೆ ಈಗ ಏನು ಹೊಡೆಸುತ್ತೀರಿ ಎಂದು ಕೇಳಿ ಒಳಗೆ ಹೋದಳು.

ತಪ್ಪಾಯಿತು ಅನ್ನಬೇಕು. ಅದನ್ನು ಹೋಗಿ ಅಂದರಾಯಿತು. ಆದರೆ ಬಾಯಿಗಿಂತ ಮುಂಚೆ ಉಪಾಯ ಓಡುವ ಜಾತಿಯವನು ಇವನು. ಅಕ್ಕನಿಗೆ ತೊಳೆಯಲು ಕಾರು ಬೇಕಿತ್ತು, ನಾನು ತೊಳೆದುಕೊಂಡು ಬಂದೆ. ಈಗ ಚೆನ್ನಾಗಿ ಕೊಳೆ ಮಾಡಿಕೊಂಡು ಅವಳ ಮನೆ ಮುಂದೆಯೇ ನಿಲ್ಲಿಸಿ, ತಗೋ ನಿನ್ನ ನಾರು, ಎಷ್ಟು ಬೇಕಾದರೂ ತಿಕ್ಕು ಅಂದರೆ? ಈ ಯೋಚನೆ ಬಂದದ್ದೇ ಅವನಿಗೆ ಜೀವ ಬಂದಂತಾಯಿತು. ಭಾನುವಾರ ಬೆಳಿಗ್ಗೆ ಕಾರಿನ ಬಟ್ಟೆ ಎಳೆದು ಹೊರಟೇಬಿಟ್ಟ.

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟುವ ಕಾಲ. ಕೆಸರೆಲ್ಲಿದೆ? ಧೂಳಾದರೂ ಹಿಡಿಯಲೆಂದು ಅವನು ಟಾರು ರಸ್ತೆ ಬಿಟ್ಟು ಹೊಲದ ಮಗ್ಗುಲಿನ ಮಣ್ಣು ದಾರಿಗಳಲ್ಲೆಲ್ಲ ಸುತ್ತಿದ. ಎದ್ದ ಧೂಳು ಕಾರಿನ ಮೇಲೆ ಒಂದು ಗಳಿಗೆ ಕೂತು, ಟಾರಿಗೆ ಬಂದ ಕೂಡಲೇ ಗಾಳಿಗೆ ಹಾರಿಹೋಗುತ್ತಿತ್ತು. ಆ ಹುಡುಗ ಪಾಲಿಶ್ ಹೊಡೆದದ್ದು ಹೊಡೆದದ್ದೇ! ಗುಂಡ್ಲುಪೇಟೆಯ ಹತ್ತಿರ ಬಂಡೀಪುರಕ್ಕೂ ಊಟಿಗೂ ಹೊರಟ ಕೇರಳದ ಗಾಡಿಗಳು, ಬೆಂಗಳೂರಿನ ಗಾಡಿಗಳು ಸಾಲಾಗಿ ನಿಂತಿದ್ದವು. ಅವೆಲ್ಲ ಧೂಳು ಮೆತ್ತಿಕೊಂಡಿದ್ದವು. ಅವುಗಳ ನಡುವೆ ಇವನದೊಂದೇ ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ಶಿವಮಲ್ಲುವಿಗೆ ಮೊದಲ ಬಾರಿಗೆ ತನ್ನ ಕಾರಿನ ಮೇಲೆ ಸಿಟ್ಟು ಬಂತು.

ಹಂಗಳ ದಾಟಿ ಭಾವನ ಬಾಳೆತೋಟದ ದಾರಿಗೆ ತಿರುಗಿದಾಗ ಕಣ್ಣಿಗೆ ಹಬ್ಬವಾಯಿತು. ಬೋರ್‌ವೆಲ್ ಓಡುತ್ತಿತ್ತು. ಕಾಲುವೆ ಒಡೆದು ನೀರು ದಾರಿಗೇ ನುಗ್ಗಿ, ಕರೀ ಮಣ್ಣು ಹದವಾಗಿ ಕಲಸಿಕೊಂಡಿತ್ತು. ಹಿಂದುಮುಂದು ನೋಡದೆ ಗಾಡಿಯನ್ನು ಅದರೊಳಗೆ ಇಳಿಸಿದ. ಒಂದು ಸಲ ಕೆಸರು ಬಾಗಿಲ ತನಕ ಹಾರಿತು. ಆಹಾ ಎಂದುಕೊಂಡು ಇನ್ನೊಂದು ಸಲ ಒತ್ತಿದ. ಮುಂದಿನ ಚಕ್ರಗಳು ಅಲ್ಲೇ ಗಿರಗಿರ ತಿರುಗುತ್ತ ಹೂತುಕೊಂಡವು. ಒತ್ತಿದಷ್ಟೂ ಒಳಗೆ. ಇಳಿದು ಹಿಂದಿನಿಂದ ನೂಕಲು ಹೋದ, ಕಾಲು ಜಾರಿ ಬೋರಲು ಬಿದ್ದ. ಎದ್ದು ಮುಂದಿನಿಂದ ನೂಕಲು ಹೋದ, ಅಂಗಾತ ಬಿದ್ದ. ಗುಮಾಸ್ತರು ಕಚೇರಿಯ ಮೇಜಿನಿಂದ ಎದ್ದು ಹೀಗೆ ಕೆಸರಿನಲ್ಲಿ ಈಜಿದ್ದು ಹಿಂದೆಂದೂ ಇರಲಾರದು.

ಸದ್ದು ಕೇಳಿ ಪುಟ್ಟಮಾದು ಓಡಿ ಬಂದ. ಮೊದಲು ಅವನಿಗೆ ಯಾರೆಂದು ಗುರುತೇ ಸಿಗಲಿಲ್ಲ. ಸಿಕ್ಕ ಮೇಲೆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕೂತ. ಆಮೇಲೆ ಟ್ರ್ಯಾಕ್ಟರು ತಂದು, ಹಗ್ಗ ಕಟ್ಟಿ, ಕಾರನ್ನು ಗಟ್ಟಿ ನೆಲಕ್ಕೆ ಎಳೆದ. ಅಷ್ಟು ಒಳ್ಳೆ ದಾರಿ ಇರುವಾಗ ಇಲ್ಲಿಗ್ಯಾಕೆ ಇಳಿಸಿದೆ ಎಂದು ಅವನು ಕೇಳುತ್ತಿರುವಾಗಲೇ ತೋಟದ ಒಳಗಿನಿಂದ ಸುಂದ್ರಮ್ಮ ಬಂದಳು. ತಲೆಯ ಮೇಲೆ ದನಕ್ಕೆ ಹಾಕಲು ಕೊಯ್ದ ಹುಲ್ಲಿನ ಹೊರೆಯಿತ್ತು. ಹೊರೆ ಇಳಿಸಿ ತಮ್ಮನನ್ನು ನೋಡಿದಳು, ಕಾರನ್ನು ನೋಡಿದಳು. ಮುಖದಲ್ಲಿ ನಗುವೂ ಇಲ್ಲ, ಬಾ ಎಂಬ ಮಾತೂ ಇಲ್ಲ.

"ನೀನು ತೊಳೀಲಿ ಅಂತ ಬೇಕಂತ್ಲೇ ಇಳಿಸ್ದೆ ಕಣಕ್ಕ" ಎಂದ. ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಎತ್ತಲೋ ಹೋಗಿತ್ತು. "ನಿನ್ ಸೊಂಟುಕ್ಕಲ್ಲ ನಾ ಮಿಷಿನ್ಗೆ ಓಗಿದ್ದು. ಗೀರ್ ಬೀಳ್ತದೆ ಅಂತ ಎದ್ರಿ ಓಗಿದ್ದೆ. ಸುಳ್ ಏಳ್ಬುಟ್ಟೆ. ಈಗ ನಾರಲ್ಲೇ ತಿಕ್ಕು, ಬೂದೀನೂ ಆಕ್ಕೊ. ಬಣ್ಣೆಲ್ಲ ಓಗ್ಬುಡ್ಲಿ."

ಸುಂದ್ರಮ್ಮ ಕೈಗಂಟಿದ ಹುಲ್ಲನ್ನು ಸೆರಗಿಗೆ ಒರೆಸಿಕೊಂಡಳು.

"ಗೀರಿಗ್ ಎದ್ರುದ್ದು ನಂಗೊತ್ತಿಲ್ವಾ? ಆ ಬೈಕ್‌ನ ಟ್ಯಾಂಕ್ ನಾ ನೋಡಿಲ್ವಾ? ಅಕ್ಕಾ, ನಾರು ಬ್ಯಾಡ, ಬಟ್ಟೇಲಿ ಒರ್ಸು ಅಂದಿದ್ರೆ ಒರುಸ್ತಿರ್ಲಿಲ್ವಾ ನಾನು?" ಅವಳ ದನಿ ಅಲ್ಲಿಗೆ ಒಡೆಯಿತು. "ಬಾಯ್ ಇತ್ತಲ್ಲಾ ಮಗಾ ನಿಂಗೆ. ಕೈ ಇಡ್ಕಂಡೆ. ಕದ್ಯಕ್ ಬಂದೋಳ್ ಕೈ ಇಡ್ದಂಗೆ ಇಡ್ಕಂಡೆ."

ಅವನು ತಲೆ ತಗ್ಗಿಸಿ ನಿಂತ. ಕೂದಲಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ತನ್ನ ಉಪಾಯಗಳ ಮೇಲೆ, ಕಾರಿನ ಮೇಲೆ, ತನ್ನ ಮೇಲೆ ಹೇಸಿಗೆಯಾಗಿ, ಇವಳು ಈಗ ಹೋಗು ಅಂದರೆ ತಿರುಗಿ ಹೋಗುವುದಷ್ಟೇ ಎಂದುಕೊಂಡ. ಪುಟ್ಟಮಾದು ಇಬ್ಬರ ನಡುವೆ ಏನಾದರೊಂದು ಹೇಳಬೇಕೆಂದು ಬೋರಿನ ಪೈಪನ್ನು ಎಳೆದು ತಂದು, ತಗೋ, ಒಣಗೋಕೆ ಮುಂಚೆ ಕಾರಿಗೆ ನೀರು ಬಿಡು ಎಂದು ಹೆಂಡತಿಯ ಕೈಗೆ ಕೊಟ್ಟ.

ಅವಳು ಪೈಪು ಹಿಡಿದುಕೊಂಡು ಕಾರಿನ ಹತ್ತಿರ ಬಂದಳು. ಅದನ್ನು ದಾಟಿಕೊಂಡು ತಮ್ಮನ ಹತ್ತಿರ ಬಂದಳು.

"ಕಾರ್ ತೊಳ್ಯಕ್ಕೆ ಮಿಷಿನ್ ಅದೆ" ಎಂದಳು ಗಂಡನಿಗೆ. "ಇವುನ್ನ ತೊಳ್ಯಕ್ಕೆ ಯಾರವ್ರೆ ಏಳು?"

ಅಂಗಿ ಬಿಚ್ಲಾ ಎಂದು ಗದರಿದಳು. ನಲವತ್ತು ದಾಟಿದ ಸರ್ಕಾರಿ ನೌಕರ ಬಾಳೆತೋಟದ ಬದುವಿನಲ್ಲಿ, ಗೊನೆ ಕಡಿಯಲು ಬಂದಿದ್ದ ಆಳುಗಳ ಎದುರಿನಲ್ಲಿ ಅಂಗಿ ಬಿಚ್ಚಿ ನಿಂತ. ಅಕ್ಕ ತಲೆಯ ಮೇಲೆ ನೀರು ಬಿಟ್ಟಳು. ಬರೀ ಅಂಗೈಯಲ್ಲಿ ಕಿವಿಯ ಹಿಂದೆ ತಿಕ್ಕಿದಳು, ಕತ್ತು ತಿಕ್ಕಿದಳು, ಕಣ್ಣು ಮುಚ್ಕೋ ಎಂದು ಹಣೆಯಿಂದ ಗಲ್ಲದ ತನಕ ಒಂದೇ ಏಟಿಗೆ ಒರೆಸಿದಳು. ಹುಲ್ಲು ಕೊಯ್ದು ಕೊಯ್ದು ದಡ್ಡುಗಟ್ಟಿದ ಆ ಅಂಗೈ ಅವನ ಬೆನ್ನಿನ ಮೇಲೆ ಉರಿಯುವಷ್ಟು ಒರಟಾಗಿತ್ತು. ಸರಿಯಾಗಿ ನಿಂತ್ಕೊ, ಅಲ್ಲಾಡಬೇಡ ಎಂದು ಭುಜಕ್ಕೆ ಒಂದು ಕೊಟ್ಟಳು. ಆ ಏಟು ಬಿದ್ದದ್ದೇ ಶಿವಮಲ್ಲುವಿಗೆ ಅಳು ನುಗ್ಗಿ ಬಂತು. ಅವನು ಬಾಯಿ ಮುಚ್ಚಿಕೊಂಡೇ ಅತ್ತ. ಕಣ್ಣೀರು ಯಾವುದು, ಬೋರಿನ ನೀರು ಯಾವುದು ಎಂದು ಆಚೆ ನಿಂತವರಿಗೆ ತಿಳಿಯುವಂತಿರಲಿಲ್ಲ. ಬೆನ್ನ ಮೇಲೆ ಕೈಯಿಟ್ಟಿದ್ದ ಸುಂದ್ರಮ್ಮನಿಗೆ ತಿಳಿಯಿತು.

ಆಯ್ತಲ್ಲ, ಮೈಯೆಲ್ಲ ಚೊಕ್ಕಟವಾಯಿತಲ್ಲ, ಮೋಟರು ನಿಲ್ಲಿಸಲಾ ಎಂದು ಪುಟ್ಟಮಾದು ಕೂಗಿ ಕೇಳಿದ. ಇನ್ನೂ ಆಗಿಲ್ಲ ಇರು ಎಂದಳು ಅವಳು. ತಮ್ಮನ ಭುಜ ಅಲುಗುವುದು ನಿಲ್ಲುವ ತನಕ ತಲೆಯ ಮೇಲೆ ನೀರು ಬಿಡುತ್ತಲೇ ಇದ್ದಳು.